ಮಾತು ನಿಂತಾಗ ಯಾವುದು ಕೈ ಕೊಡಲ್ಲ? ವಿಂಡೋಸ್, ಮ್ಯಾಕ್, ಲಿನಕ್ಸ್ ಮತ್ತು ಸ್ಕ್ರೀನ್ ರೀಡರ್

ಕೇಳುಗ

ಆರು ವರ್ಷದಿಂದ ವಿಂಡೋಸ್‌ನಲ್ಲಿ ಎನ್‌ವಿಡಿಎ ಅನ್ನೋ ಸ್ಕ್ರೀನ್ ರೀಡರ್ (ಪರದೆ ಮೇಲಿರೋದನ್ನ ಓದಿ ಹೇಳೋ ಪ್ರೋಗ್ರಾಮ್) ಬಳಸ್ತಾ ಇದೀನಿ. ಲ್ಯಾಪ್‌ಟಾಪ್ ಮುದಿಯಾಯ್ತು, ಬ್ಯಾಟರಿ ಮುಕ್ಕಾಲು ಗಂಟೆ ನಿಂತರೆ ಹೆಚ್ಚು. ಹೊಸದು ತಗೊಳ್ಳೋಣ ಅಂದ್ರೆ ಒಬ್ಬ ಗೆಳೆಯ ಮ್ಯಾಕ್ ಅಂತಾನೆ, ಇನ್ನೊಬ್ಬ ಲಿನಕ್ಸ್ ಅಂತಾನೆ. ಇಬ್ಬರಿಗೂ ಕಣ್ಣು ಕಾಣುತ್ತೆ. ಇಬ್ಬರೂ ಸ್ಕ್ರೀನ್ ರೀಡರನ್ನ ಐದು ನಿಮಿಷಕ್ಕಿಂತ ಹೆಚ್ಚು ಕೇಳಿದವರಲ್ಲ. ಅದಕ್ಕೇ ಇಲ್ಲಿಗೆ ಬಂದೆ.

ನನ್ನ ಕೆಲಸ: ದಿನಕ್ಕೆ ನಾಲ್ಕೈದು ಗಂಟೆ ಅನುವಾದ, ವಾರಕ್ಕೆರಡು ಸಲ ಉದ್ದದ ಎಕ್ಸೆಲ್ ಹಾಳೆ, ಬಿಡುವಾದಾಗ ಒಂಚೂರು ಪೈಥಾನ್. ಕನ್ನಡ ಓದಲೇಬೇಕು. ಯಾವುದು ಒಳ್ಳೇದು ಅಂತ ಹೇಳೋದು ಬೇಡ, ಎಲ್ಲರಿಗೂ ತಮ್ಮದೇ ಒಳ್ಳೇದು. ಯಾವುದರಲ್ಲಿ ಎಲ್ಲೆಲ್ಲಿ ಎಡವಿದ್ರಿ ಅಂತ ಹೇಳಿ.

ಇನ್ಸರ್ಟ್‌ಕೀಲಿ

ಎಕ್ಸೆಲ್ ಅಂದ್ರಲ್ಲ, ಅರ್ಧ ಉತ್ತರ ಅಲ್ಲೇ ಬಂತು. ವಿಂಡೋಸ್ ಬಿಟ್ಟು ಕದಲಬೇಡಿ.

ನಾನು ವಿಂಡೋಸ್‌ನ ಎರಡು ಸ್ಕ್ರೀನ್ ರೀಡರನ್ನೂ ಸಾಕಿದೀನಿ, ಆಫೀಸಲ್ಲಿ ಜಾಸ್, ಮನೇಲಿ ಎನ್‌ವಿಡಿಎ. ಜಾಸ್ 1989ರದ್ದು, ಡಾಸ್ ಕಾಲದ ಕೂಸು. ಶುರು ಮಾಡಿದ ಟೆಡ್ ಹೆಂಟರ್ ಮೊದಲು ಬೈಕ್ ರೇಸರ್, ಅಪಘಾತದಲ್ಲಿ ಕಣ್ಣು ಹೋದ ಮೇಲೆ ಪ್ರೋಗ್ರಾಮಿಂಗ್ ಕಲಿತವರು. ಎನ್‌ವಿಡಿಎಯನ್ನ 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ್ರು, ಆಮೇಲೆ ಜೇಮ್ಸ್ ಟೇ ಜೊತೆಗೂಡಿದ್ರು. ಅವರಿಬ್ಬರಿಗೂ ಕಣ್ಣು ಕಾಣಲ್ಲ. ಪುಕ್ಕಟೆ, ಸೋರ್ಸ್ ಕೋಡ್ ತೆರೆದಿಟ್ಟದ್ದು, ಬಹುಪಾಲು ಪೈಥಾನ್‌ನಲ್ಲೇ ಇದೆ. ನೀವು ಪೈಥಾನ್ ಬರೀತೀರಿ ಅಂದ್ರೆ ಬೇಕಾದ ಆಡ್-ಆನ್ ನೀವೇ ಮಾಡ್ಕೋಬಹುದು. ಇದು ಸಣ್ಣ ಮಾತಲ್ಲ.

ವೆಬ್ ಎಲ್ಲರಿಗೂ ಎಟುಕಲಿ ಅಂತ ಕೆಲಸ ಮಾಡೋ ವೆಬ್‌ಏಮ್‌ನವರು 2023ರ ಕೊನೆ, 2024ರ ಆರಂಭದಲ್ಲಿ ಮಾಡಿದ ಸಮೀಕ್ಷೆಯಲ್ಲಿ "ನನ್ನ ಮುಖ್ಯ ಸ್ಕ್ರೀನ್ ರೀಡರ್" ಅಂತ ಜಾಸ್ ಹೇಳಿದವರು ಶೇ. 40.5, ಎನ್‌ವಿಡಿಎ ಶೇ. 37.7, ಮ್ಯಾಕ್‌ನವರ ವಾಯ್ಸ್‌ಓವರ್ ಶೇ. 9.7. ಜನ ಹೆಚ್ಚಿರೋ ಕಡೆ ಸಹಾಯನೂ ಹೆಚ್ಚು ಸಿಗುತ್ತೆ. ಯಾವುದೋ ಕಿಟಕಿ ಓದ್ತಿಲ್ಲ ಅಂತ ಹುಡುಕಿದ್ರೆ, ನನಗಿಂತ ಮೊದಲು ಹತ್ತು ಜನ ಅಲ್ಲೇ ತಲೆ ಚಚ್ಚಿಕೊಂಡಿರ್ತಾರೆ.

ರೋಟರ್

ಜನ ಹೆಚ್ಚಿದ್ದಾರೆ ಅನ್ನೋದೇ ಕಾರಣ ಆದ್ರೆ ಯಾರೂ ಏನೂ ಬದಲಾಯಿಸೋ ಹಾಗೇ ಇಲ್ಲ 🙂

ಮ್ಯಾಕ್‌ನ ವಿಷಯ ಬೇರೆ. 2005ರ ಟೈಗರ್ ಆವೃತ್ತಿಯಿಂದ ವಾಯ್ಸ್‌ಓವರ್ ಸಿಸ್ಟಮ್ ಒಳಗೇ ಇದೆ. ಡಬ್ಬ ಒಡೆದು ಮೊದಲ ಸಲ ಆನ್ ಮಾಡಿದಾಗಿಂದ ಯಾರನ್ನೂ ಕರೀದೆ ಭಾಷೆ, ವೈ-ಫೈ, ಪಾಸ್‌ವರ್ಡ್ ಎಲ್ಲಾ ನಾನೇ ಹಾಕಿದೆ. ಕಮಾಂಡ್ ಹಿಡಿದು ಟಚ್ ಐಡಿ ಗುಂಡಿಯನ್ನ ಮೂರು ಸಲ ಒತ್ತೋದು, ಅಷ್ಟೇ. ಅದೊಂದು ಸುಖ.

ಆದ್ರೆ ಎಡವೋ ಜಾಗ ಕೇಳಿದ್ರಿ. ವಿಂಡೋಸ್‌ನಿಂದ ಬಂದವರು ಎಲ್ಲರೂ ಒಂದೇ ಕಡೆ ಬೀಳ್ತಾರೆ. ಎನ್‌ವಿಡಿಎ ವೆಬ್ ಪುಟವನ್ನ ಚಪ್ಪಟೆ ಮಾಡಿ ಒಂದು ಉದ್ದದ ಬರಹದ ಹಾಗೆ ಕೊಡುತ್ತೆ, ನೀವು ಕೆಳಬಾಣ ಒತ್ತುತ್ತಾ ಹೋಗ್ತೀರಿ. ವಾಯ್ಸ್‌ಓವರ್ ಹಾಗಲ್ಲ, ಅದಕ್ಕೆ ಎಲ್ಲಾ ಡಬ್ಬಿಯೊಳಗೆ ಡಬ್ಬಿ. ಮೇಲ್ ಆಪ್ ತೆರೆದ್ರೆ "ಟೂಲ್‌ಬಾರ್" ಅನ್ನುತ್ತೆ, ಒಳಗೇನಿದೆ ಅಂತ ಹೇಳಲ್ಲ. ಕಂಟ್ರೋಲ್, ಆಪ್ಶನ್, ಶಿಫ್ಟ್ ಮೂರೂ ಹಿಡಿದು ಕೆಳಬಾಣ ಒತ್ತಿದ್ರೆ ಒಳಗೆ ಇಳೀತೀರಿ. ಗುಂಡಿಗಳನ್ನ ನೋಡಿ, ಅದೇ ಮೂರು ಹಿಡಿದು ಮೇಲ್ಬಾಣ ಒತ್ತಿ ಹೊರಗೆ ಬರಬೇಕು. ಆಮೇಲೆ ಪಕ್ಕದ ಡಬ್ಬಿ. ಮೊದಲ ವಾರ ನಾನು ಕಾಗದಗಳ ಪಟ್ಟಿಯೊಳಗೆ ಸಿಕ್ಕಿಹಾಕ್ಕೊಂಡು, ಬಲಬಾಣ ಒತ್ತೀ ಒತ್ತೀ "ಇಷ್ಟೇನಾ ಕಿಟಕಿ?" ಅಂತ ಕೂತಿದ್ದೆ. ಹೊರಗೆ ಬರಬೇಕು ಅನ್ನೋದೇ ಹೊಳೀಲಿಲ್ಲ.

ಎರಡು ತಿಂಗಳು ಆದ್ಮೇಲೆ ಕಿಟಕಿಯ ನಕ್ಷೆ ತಲೇಲಿ ಕೂತ್ಕೊಳ್ಳುತ್ತೆ. ಈಗ ಚಪ್ಪಟೆ ಪುಟ ಕೇಳಿದ್ರೆ ನನಗೇ ದಿಕ್ಕು ತಪ್ಪುತ್ತೆ. ಎಕ್ಸೆಲ್ ಮಾತ್ರ... ಓದುತ್ತೆ, ಕೆಲಸ ಆಗುತ್ತೆ. ಆದ್ರೆ ದಿನವಿಡೀ ಹಾಳೆಯಲ್ಲೇ ಇರೋರಿಗೆ ನಾನು ಮ್ಯಾಕ್ ಹೇಳಲ್ಲ. ಇನ್ಸರ್ಟ್‌ಕೀಲಿ ಅವರಿಗೆ ಇಷ್ಟು ಬಿಟ್ಟುಕೊಡ್ತೀನಿ.

ಇನ್ಸರ್ಟ್‌ಕೀಲಿ

ತಗೊಂಡೆ 🙂

ಟರ್ಮಿನಲ್‌ವಾಸಿ

ಲಿನಕ್ಸ್ ಕಡೆಯಿಂದ ಯಾರೂ ಬರೋ ಹಾಗೆ ಕಾಣ್ಲಿಲ್ಲ, ನಾನೇ ಬಂದೆ ಮಾರಾಯ್ರೇ.

ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಓರ್ಕಾ ಅನ್ನೋ ಸ್ಕ್ರೀನ್ ರೀಡರ್ ಇದೆ. ಸೂಪರ್, ಆಲ್ಟ್, ಎಸ್ ಒಟ್ಟಿಗೆ ಒತ್ತಿದ್ರೆ ಮಾತು ಶುರು. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ ಹುಟ್ಟಿದ್ದು, ಆಮೇಲೆ ವರ್ಷಗಟ್ಟಲೆ ಜೋನ್‌ಮೇರಿ ಡಿಗ್ಸ್ ಹೆಚ್ಚುಕಮ್ಮಿ ಒಬ್ಬರೇ ಹೆಗಲ ಮೇಲೆ ಹೊತ್ತು ತಂದದ್ದು. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಟರ್ಮಿನಲ್ ಇಷ್ಟರಲ್ಲಿ ಬದುಕೋರಿಗೆ ಸಾಕು. ಪೈಥಾನ್ ಬರೆಯೋಕಂತೂ ನನಗೆ ಇದಕ್ಕಿಂತ ಹಾಯಾದ ಜಾಗ ಸಿಕ್ಕಿಲ್ಲ. ಟರ್ಮಿನಲ್‌ನಲ್ಲಿ ಎಲ್ಲಾ ಅಕ್ಷರ, ಚಿತ್ರದ ಗುಂಡಿ ಅನ್ನೋ ಪೀಡೆಯೇ ಇಲ್ಲ. ಡೆಸ್ಕ್‌ಟಾಪೂ ಬೇಡ ಅನ್ನೋರಿಗೆ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೇ ಸ್ಪೀಕಪ್ ಅನ್ನೋ ಸ್ಕ್ರೀನ್ ರೀಡರ್ ಇದೆ.

ಎಡವೋದು ಎಲ್ಲಿ ಅಂದ್ರೆ, ಓರ್ಕಾ ಒಂದರಲ್ಲಿ ಅಲ್ಲ. ಓರ್ಕಾ ಮಾತಾಡಬೇಕಾದ್ರೆ ಆಪ್ ತನ್ನ ವಿವರವನ್ನ ಎಟಿ-ಎಸ್‌ಪಿಐ ಅನ್ನೋ ನಡುವಿನ ಪದರಕ್ಕೆ ಕೊಡಬೇಕು, ಓರ್ಕಾ ಅದನ್ನ ತಗೊಂಡು ಮಾತನ್ನ ಹಂಚೋ ಸ್ಪೀಚ್ ಡಿಸ್ಪ್ಯಾಚರ್‌ಗೆ ದಾಟಿಸಬೇಕು, ಅದು ಧ್ವನಿ ಹುಟ್ಟಿಸೋ ಇ-ಸ್ಪೀಕ್‌ಗೆ, ಇ-ಸ್ಪೀಕ್ ಆಡಿಯೊ ನೋಡ್ಕೊಳ್ಳೋ ಪೈಪ್‌ವೈರ್‌ಗೆ, ಅಲ್ಲಿಂದ ಸ್ಪೀಕರ್‌ಗೆ. ಒಬ್ಬೊಬ್ಬರದು ಒಂದೊಂದು ತಂಡ. ನಡುವೆ ಯಾರಾದ್ರೂ ಒಬ್ಬ ಮಲಗಿದ್ರೆ ನಿಮಗೆ ಕೇಳೋದು ಒಂದೇ: ಏನೂ ಕೇಳಲ್ಲ. ಯಾರು ಮಲಗಿದ್ದು ಅಂತ ನೀವೇ ಕಂಡುಹಿಡೀಬೇಕು.

ಪರದೆ, ಕೀಬೋರ್ಡ್ ನೋಡ್ಕೊಳ್ಳೋ ಹೊಸ ವ್ಯವಸ್ಥೆ ವೇಲ್ಯಾಂಡ್ ಬಂದಾಗ ಇನ್ನೊಂದು ಪೇಚು. ಹಳೇ ಎಕ್ಸ್11ನಲ್ಲಿ ಯಾವ ಪ್ರೋಗ್ರಾಮ್ ಬೇಕಾದ್ರೂ ನೀವು ಒತ್ತಿದ ಕೀಲಿಯನ್ನೆಲ್ಲಾ ಕದ್ದು ಕೇಳಬಹುದಿತ್ತು. ಓರ್ಕಾ ಬದುಕಿದ್ದೂ ಆ ಕಳ್ಳಗಿಂಡಿಯಿಂದಲೇ! ಭದ್ರತೆಗೆ ಅಂತ ವೇಲ್ಯಾಂಡ್ ಗಿಂಡಿ ಮುಚ್ಚಿತು, ಕಳ್ಳರ ಜೊತೆ ನಾವೂ ಹೊರಗೆ. 2025ರ ಗ್ನೋಮ್ 48ರಲ್ಲಿ ಓರ್ಕಾಗೆ ಅಂತ ಸರಿಯಾದ ಬಾಗಿಲು ಇಟ್ರು. ಅದಕ್ಕಿಂತ ಹಳೇ ಆವೃತ್ತಿ ಹಾಕ್ಕೊಂಡು ಬೈಕೊಳ್ಳೋಕೆ ಹೋಗಬೇಡಿ.

ಕೇಳುಗ

ಮೂವರಿಗೂ ಥ್ಯಾಂಕ್ಸ್. ರೋಟರ್ ಅವರೇ, ಡಬ್ಬಿ ವಿಷಯ ಯಾರೂ ಇಷ್ಟು ಬಿಡಿಸಿ ಹೇಳಿರ್ಲಿಲ್ಲ. ಗೆಳೆಯನ ಮ್ಯಾಕ್‌ನಲ್ಲಿ ಹತ್ತು ನಿಮಿಷ ಕೂತು "ಇದು ಅರ್ಧ ಓದೇ ಇಲ್ಲ" ಅಂತ ಎದ್ದು ಬಂದಿದ್ದೆ. ಓದ್ತಿತ್ತು, ನಾನೇ ಒಳಗೆ ಇಳಿದಿರಲಿಲ್ಲ.

ಕನ್ನಡ?

ಆರು_ಚುಕ್ಕಿ

ಕನ್ನಡ ಮೂರರಲ್ಲೂ ಓದುತ್ತದೆ. ಎನ್‌ವಿಡಿಎ ಮತ್ತು ಓರ್ಕಾದಲ್ಲಿ ಇ-ಸ್ಪೀಕ್ ಎನ್‌ಜಿಯ ಕನ್ನಡ, ಡಬ್ಬದೊಳಗೆ ಕೂತು ಮಾತಾಡಿದಂಥ ಯಂತ್ರದ ಧ್ವನಿ. ಮ್ಯಾಕ್‌ನಲ್ಲಿ ಸೌಮ್ಯಾ ಅನ್ನುವ ಧ್ವನಿ ಇದೆ, ಕೇಳಲು ಹಿತ. ಆದರೆ ಒಂದು ಮಾತು: ನೀವು ಅನುವಾದಕರು, ಕರಡು ತಿದ್ದುತ್ತೀರಿ. ಹಿತವಾದ ಧ್ವನಿ ತಪ್ಪನ್ನು ನುಂಗಿಬಿಡುತ್ತದೆ. ಒರಟು ಇ-ಸ್ಪೀಕ್ ವೇಗ ಹೆಚ್ಚಿಸಿದರೂ ಉಚ್ಚಾರ ಕಲಸಿಹೋಗುವುದಿಲ್ಲ, ಕೀಲಿ ಒತ್ತಿದ ಕ್ಷಣಕ್ಕೇ ಬಾಯಿ ಬಿಡುತ್ತದೆ. ಹಳಬರು ಅದನ್ನೇ ಹಿಡಿದುಕೊಂಡಿರುವುದು ಅದಕ್ಕೇ.

ಅದೂ ಒಂದು ಹಂತದವರೆಗೆ ಅಷ್ಟೆ. "ಶೇಷ" ಎಂದು ಬರೆದಿದೆಯೋ "ಶೇಶ" ಎಂದು ಬರೆದಿದೆಯೋ, ಕಿವಿಗೆ ಗೊತ್ತಾಗುವುದು ಕಷ್ಟ. ಅಕ್ಷರ ಅಕ್ಷರವಾಗಿ ಬಾಣ ಒತ್ತಿದರೂ ಅನುಮಾನ ಉಳಿಯುತ್ತದೆ. ಬ್ರೈಲ್‌ನಲ್ಲಿ ಶ ಎಂದರೆ 1, 4, 6ನೇ ಚುಕ್ಕಿ, ಷ ಎಂದರೆ 1, 2, 3, 4, 6. ಬೆರಳಿಗೆ ಮೋಸ ಹೋಗುವ ಪ್ರಶ್ನೆಯೇ ಇಲ್ಲ. ಅನುವಾದವೇ ಹೊಟ್ಟೆಪಾಡಾದರೆ ಯಾವ ಕಂಪ್ಯೂಟರ್ ಎನ್ನುವುದಕ್ಕಿಂತ ಬ್ರೈಲ್ ಡಿಸ್ಪ್ಲೇ (ಪರದೆಯ ಬರಹವನ್ನು ಬೆರಳಿಗೆ ಚುಕ್ಕಿಗಳಾಗಿ ಎತ್ತಿಕೊಡುವ ಸಾಧನ) ಇದೆಯೇ ಎಂದು ನಾನು ಮೊದಲು ಕೇಳುತ್ತೇನೆ. 2018ರಲ್ಲಿ ಬ್ರೈಲ್ ಡಿಸ್ಪ್ಲೇಗಳಿಗೆಂದು ಯುಎಸ್‌ಬಿಯ ಎಚ್‌ಐಡಿ ಮಾನದಂಡ ಬಂತು. ಅದನ್ನು ಪಾಲಿಸುವ ಡಿಸ್ಪ್ಲೇಗೆ ಬೇರೆ ಡ್ರೈವರ್ ಹುಡುಕುವ ಕಷ್ಟ ಕಡಿಮೆ.

ಹಳೆಯ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಬಂದರೆ ಮೂರೂ ಒಂದೇ ರೀತಿ ಸೋಲುತ್ತವೆ. ಕಣ್ಣಿಗೆ ಕನ್ನಡ, ಒಳಗೆ ಬರೀ ಇಂಗ್ಲಿಷ್ ಅಕ್ಷರಗಳ ಗೋಜಲು. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ಇನ್ನೊಂದು. ಇಷ್ಟು ಹೊತ್ತು ನೀವೆಲ್ಲ ಹೇಳಿದ್ದು ಮಾತು ಬರುತ್ತಿರುವಾಗ ಯಾವುದು ಹೇಗೆ ಎಂದು. ಮಾತು ನಿಂತಾಗ?

ಟರ್ಮಿನಲ್‌ವಾಸಿ

ಅಯ್ಯೋ, ಗಾಯಕ್ಕೇ ಬೆರಳಿಟ್ರಿ.

ಡಿಸ್ಟ್ರೊ ಹೆಸರು, ಅಂದ್ರೆ ಲಿನಕ್ಸ್‌ನ ಯಾವ ಬಗೆ ಅಂತ, ಬೇಡ. ಒಂದು ರಾತ್ರಿ ಹನ್ನೊಂದು ಗಂಟೆಗೆ ಅಪ್‌ಡೇಟ್ ಹಾಕಿ ರೀಬೂಟ್ ಮಾಡಿದೆ. ಬೆಳಗ್ಗೆ ಎಂಟಕ್ಕೆ ಕೊಡಬೇಕಾದ ಕೆಲಸ ಇತ್ತು, ಅಪ್‌ಡೇಟ್ ಹಾಕಿದ್ದೇ ತಪ್ಪು, ಒಪ್ಕೋತೀನಿ. ಫ್ಯಾನ್ ಸದ್ದು ಬಂತು, ಹಾರ್ಡ್ ಡಿಸ್ಕ್ ಕಟಕಟ ಅಂತು, ಆಮೇಲೆ ಮೌನ. ಸೂಪರ್-ಆಲ್ಟ್-ಎಸ್, ಇಲ್ಲ. ಆಲ್ಟ್-ಎಫ್2 ಒತ್ತಿ, ಓರ್ಕಾವನ್ನ ಬದಲಿಸಿ ಮತ್ತೆ ಎಬ್ಬಿಸೋ ಕಮಾಂಡ್ ಕುರುಡಾಗಿ ಟೈಪ್ ಮಾಡಿದೆ, ಇಲ್ಲ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಕನ್ಸೋಲ್‌ಗೆ ಹೋದೆ. ಹೋದೆ ಅಂದ್ಕೊಂಡೆ ಅಷ್ಟೇ, ಹೋದ್ನೋ ಇಲ್ವೋ ಹೇಳೋರು ಯಾರು? ಹೆಸರು, ಎಂಟರ್, ಪಾಸ್‌ವರ್ಡ್, ಎಂಟರ್. ಪಾಸ್‌ವರ್ಡ್ ಸರಿ ಬಿತ್ತೋ ಅದೂ ಗೊತ್ತಿಲ್ಲ.

ಕೊನೆಗೆ ಫೋನ್‌ನಿಂದ ಎಸ್‌ಎಸ್‌ಎಚ್ ಮಾಡಿ, ಅಂದ್ರೆ ನೆಟ್‌ವರ್ಕ್ ಮೂಲಕ, ಒಳಗೆ ಹೊಕ್ಕೆ. ಓರ್ಕಾ ಓಡ್ತಿದೆ. ಸ್ಪೀಚ್ ಡಿಸ್ಪ್ಯಾಚರ್ ಓಡ್ತಿದೆ. ಇ-ಸ್ಪೀಕ್ ಪಾಪ ಬಾಯಿ ಹರ್ಕೊಂಡು ಮಾತಾಡ್ತಾನೇ ಇದೆ! ಆಡಿಯೊ ಮಾತ್ರ ಎಚ್‌ಡಿಎಂಐ ಕೇಬಲ್ ಹಿಡಿದು, ಸ್ಪೀಕರೇ ಇಲ್ಲದ ಮಾನಿಟರ್ ಕಡೆ ಹೋಗ್ತಿತ್ತು. ಕೇಬಲ್ ಕಿತ್ತೆ. ಕೇಬಲ್ ಕಿತ್ತ ಕೂಡಲೇ ಅರ್ಧ ವಾಕ್ಯದಿಂದ ಮಾತು ಬಂತು. ಒಂದೂ ಮುಕ್ಕಾಲು ಗಂಟೆ ಹೋಗಿತ್ತು.

ಅವತ್ತಿಂದ ಹೆಬ್ಬೆರಳು ಗಾತ್ರದ ಯುಎಸ್‌ಬಿ ಸೌಂಡ್ ಕಾರ್ಡ್ ಒಂದು ಬ್ಯಾಗಿನಲ್ಲಿ ಸದಾ ಇರುತ್ತೆ.

ಇನ್ಸರ್ಟ್‌ಕೀಲಿ

ಇದು ವಿಂಡೋಸ್‌ನಲ್ಲೂ ಆಗುತ್ತೆ, ಸೌಂಡ್ ಡ್ರೈವರ್ ಹೋದ್ರೆ ಯಾರಿದ್ರೂ ಒಂದೇ. ಆದ್ರೆ ಸ್ಕ್ರೀನ್ ರೀಡರೇ ಬಿದ್ದಾಗ ಇಲ್ಲಿ ಊರುಗೋಲು ಎರಡಿದೆ. ಕಂಟ್ರೋಲ್-ಆಲ್ಟ್-ಎನ್ ಒತ್ತಿದ್ರೆ ಎನ್‌ವಿಡಿಎ ಮತ್ತೆ ಎದ್ದು ಕೂರುತ್ತೆ. ಏಳಲಿಲ್ಲ ಅಂದ್ರೆ ವಿಂಡೋಸ್-ಕಂಟ್ರೋಲ್-ಎಂಟರ್, ವಿಂಡೋಸ್‌ನದೇ ಸ್ಕ್ರೀನ್ ರೀಡರ್ ನರೇಟರ್ ಹಾಜರ್. ನರೇಟರ್ ವಿಂಡೋಸ್ 2000ದಿಂದ ಇದೆ, ಮೊದಲು ಎಷ್ಟು ಬಡಪಾಯಿ ಅಂದ್ರೆ "ಬಹುತೇಕರಿಗೆ ನನಗಿಂತ ಒಳ್ಳೇದು ಬೇಕಾದೀತು" ಅನ್ನೋ ಅರ್ಥದಲ್ಲಿ ತಾನೇ ಹೇಳ್ಕೊಳ್ತಿತ್ತು. ವಿಂಡೋಸ್ 10ರಲ್ಲಿ ಸ್ಕ್ಯಾನ್ ಮೋಡ್ ಬಂದ್ಮೇಲೆ ಪರವಾಗಿಲ್ಲ, ದಿನಗಟ್ಟಲೆ ತಳ್ಳಬಹುದು. ವಿಂಡೋಸನ್ನೇ ಹೊಸದಾಗಿ ಹಾಕೋವಾಗಲೂ ಅದೇ ಕೀಲಿ ಕೆಲಸ ಮಾಡುತ್ತೆ.

ಎನ್‌ವಿಡಿಎಯ ಪೋರ್ಟಬಲ್ ಕಾಪಿ ಒಂದನ್ನ ಪೆನ್‌ಡ್ರೈವ್‌ನಲ್ಲಿ ಇಟ್ಕೊಳ್ಳಿ. ಯಾರದೇ ಕಂಪ್ಯೂಟರ್‌ಗೆ ಚುಚ್ಚಿದ್ರೂ ನಿಮ್ಮ ವೇಗ, ನಿಮ್ಮ ಧ್ವನಿ, ನಿಮ್ಮ ಸೆಟ್ಟಿಂಗ್. 2025.1ರಿಂದ ರಿಮೋಟ್ ಆಕ್ಸೆಸ್ ಕೂಡ ಒಳಗೇ ಬಂದಿದೆ, ದೂರದಲ್ಲಿರೋ ಇನ್ನೊಬ್ಬ ಎನ್‌ವಿಡಿಎ ಬಳಕೆದಾರ ನಿಮ್ಮ ಮೆಷಿನ್‌ಗೆ ಬಂದು ನೋಡಬಹುದು. ನೋಡಬಹುದು ಅಂದ್ನಲ್ಲ, ಕೇಳಬಹುದು 🙂

ರೋಟರ್

ಮ್ಯಾಕ್‌ನ ರಿಕವರಿಯಲ್ಲೂ ವಾಯ್ಸ್‌ಓವರ್ ಬರುತ್ತೆ. ಡಿಸ್ಕ್ ಅಳಿಸಿ ಸಿಸ್ಟಮ್ ಮತ್ತೆ ಹಾಕೋ ತನಕ ಒಬ್ಬಳೇ ಮಾಡಿದೀನಿ. ಆದ್ರೆ ಆರು_ಚುಕ್ಕಿಯವರ ಪ್ರಶ್ನೆಗೆ ಪ್ರಾಮಾಣಿಕ ಉತ್ತರ: ಇಲ್ಲಿ ಎರಡನೇ ಊರುಗೋಲು ಇಲ್ಲ. ವಾಯ್ಸ್‌ಓವರ್‌ಗೆ ಒಂದು ಕಿಟಕಿ ಓದೋಕೆ ಆಗಲಿಲ್ಲ ಅಂದ್ರೆ ಬೇರೆ ಸ್ಕ್ರೀನ್ ರೀಡರ್ ಹಾಕಿ ನೋಡೋಣ ಅನ್ನೋ ಹಾಗಿಲ್ಲ. ಅದು ಬಿಟ್ರೆ ಅದೇ. ನನಗೆ ಗೊತ್ತಿರೋ ಕೆಲವರು ಮ್ಯಾಕ್ ಒಳಗೆ ವರ್ಚುವಲ್ ಮೆಷಿನ್‌ನಲ್ಲಿ ವಿಂಡೋಸ್ ಹಾಕಿ ಎನ್‌ವಿಡಿಎ ಓಡಿಸ್ತಾರೆ. ಎನ್‌ವಿಡಿಎ ಕಮಾಂಡ್‌ಗಳಿಗೆ ಬಳಸೋ ಇನ್ಸರ್ಟ್ ಕೀಲಿಯೇ ಮ್ಯಾಕ್ ಕೀಬೋರ್ಡ್‌ನಲ್ಲಿ ಇಲ್ಲ, ಕ್ಯಾಪ್ಸ್ ಲಾಕ್ ಜೊತೆ ಒಂದು ಹೊಂದಾಣಿಕೆ ಮಾಡ್ಕೋಬೇಕು.

ಕಣ್ಣಿದ್ದವ

ನಾನು ವೆಬ್ ಡೆವಲಪರ್, ಸುಮ್ಮನೆ ಓದ್ತಾ ಇದ್ದೆ. ನಮ್ಮ ಸೈಟನ್ನ ಎನ್‌ವಿಡಿಎ ಹಾಕಿ ಟ್ಯಾಬ್ ಒತ್ತಿ ಪರೀಕ್ಷೆ ಮಾಡ್ತೀವಿ. ಅಷ್ಟು ಸಾಕಲ್ವಾ? ಮೂರರಲ್ಲೂ ನೋಡಬೇಕಾ?

ಇನ್ಸರ್ಟ್‌ಕೀಲಿ

ಟ್ಯಾಬ್ ಒತ್ತಿ ಪುಟ ಓದೋದು ಕಣ್ಣಿದ್ದವರು ಮಾತ್ರ ಸರ್ 🙂 ನಾವು ಎಚ್ ಒತ್ತಿ ಹೆಡಿಂಗ್‌ನಿಂದ ಹೆಡಿಂಗ್‌ಗೆ ಹಾರ್ತೀವಿ, ಕೆ ಒತ್ತಿ ಲಿಂಕ್‌ಗೆ, ಟಿ ಒತ್ತಿ ಟೇಬಲ್‌ಗೆ. ನಿಮ್ಮ ಪುಟದಲ್ಲಿ ಹೆಡಿಂಗೇ ಇಲ್ಲದೆ ಬರೀ ದಪ್ಪಕ್ಷರ ಇದ್ರೆ ಎಚ್‌ಗೆ ಸಿಗೋದು "ಮುಂದೆ ಹೆಡಿಂಗ್ ಇಲ್ಲ" ಅನ್ನೋ ಉತ್ತರ. ಸ್ಪೀಚ್ ವ್ಯೂವರ್ ಆನ್ ಮಾಡ್ಕೊಳ್ಳಿ, ಎನ್‌ವಿಡಿಎ ಹೇಳೋದೆಲ್ಲಾ ಪರದೆ ಮೇಲೆ ಅಕ್ಷರದಲ್ಲಿ ಬರುತ್ತೆ.

ಟರ್ಮಿನಲ್‌ವಾಸಿ

ಮೂರರಲ್ಲೂ ನೋಡಿದ್ರೆ ಪುಣ್ಯ. ಆದ್ರೆ ಡಿವ್‌ಗೆ (ತನ್ನದೇ ಅರ್ಥವಿಲ್ಲದ ಖಾಲಿ ಡಬ್ಬಿಯ ಟ್ಯಾಗ್) ಕ್ಲಿಕ್ ಅಂಟಿಸಿ ಬಟನ್ ಅನ್ನೋದನ್ನ ಬಿಟ್ರೆ ಅರ್ಧ ಪುಣ್ಯ ಅಲ್ಲೇ ಬರುತ್ತೆ. ಬಟನ್‌ಗೆ ಬಟನ್ ಟ್ಯಾಗೇ ಹಾಕಿದ್ರೆ ಬ್ರೌಸರೇ ಅದನ್ನ ವಿಂಡೋಸ್‌ನ ಯುಐ ಆಟೊಮೇಶನ್‌ಗೂ ಮ್ಯಾಕ್‌ನ ಎನ್‌ಎಸ್‌ಆಕ್ಸೆಸಿಬಿಲಿಟಿಗೂ ನಮ್ಮ ಎಟಿ-ಎಸ್‌ಪಿಐಗೂ ಅವರವರ ಭಾಷೇಲಿ ಹೇಳುತ್ತೆ. ಮೂರು ಸಿಸ್ಟಮ್‌ಗೂ ನೀವು ಬೇರೆ ಬೇರೆ ಏನೂ ಮಾಡಬೇಕಿಲ್ಲ.

ಕೇಳುಗ

ಮಾತು ನಿಂತಾಗ ಅನ್ನೋ ಪ್ರಶ್ನೆ ತಲೇಲೇ ಕೂತುಬಿಡ್ತು. ಬಯಾಸ್‌ಗೆ, ಅಂದ್ರೆ ಸಿಸ್ಟಮ್ ಏಳೋ ಮೊದಲೇ ಬರೋ ಸೆಟ್ಟಿಂಗ್ ಪರದೆಗೆ, ಏನ್ಮಾಡ್ತೀರಿ ಎಲ್ಲರೂ?

ಆರು_ಚುಕ್ಕಿ

ಅಲ್ಲಿ ಎಲ್ಲರೂ ಸಮಾನ ದುಃಖಿಗಳು. ಆ ಹೊತ್ತಿಗೆ ಆಪರೇಟಿಂಗ್ ಸಿಸ್ಟಮ್ ಇನ್ನೂ ಎದ್ದೇ ಇರುವುದಿಲ್ಲ, ಸ್ಕ್ರೀನ್ ರೀಡರ್ ಎಲ್ಲಿಂದ ಬರಬೇಕು? ಫೋನ್ ಕ್ಯಾಮೆರಾ ಹಿಡಿದು ಬಿ ಮೈ ಐಸ್ ಆಪ್‌ನಲ್ಲಿ ಯಾರಾದರೂ ಸ್ವಯಂಸೇವಕರ ಕೈಲಿ ಓದಿಸಿಕೊಳ್ಳುತ್ತೇನೆ. ಲಿನಕ್ಸ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದರೆ ಬೂಟ್ ಆಗುವಾಗ ಕೇಳುವ ಪಾಸ್‌ಫ್ರೇಸ್ ಕೂಡ ಸಾಮಾನ್ಯವಾಗಿ ಮೌನದಲ್ಲೇ ಬರುತ್ತದೆ. ಸಮಯ ಎಣಿಸಿಕೊಂಡು ಟೈಪ್ ಮಾಡಬೇಕು.

ಒಂದು ವಿಚಾರದಲ್ಲಿ ಮಾತ್ರ ಲಿನಕ್ಸ್ ಮೇಲು. ಬ್ರೈಲ್ ಡಿಸ್ಪ್ಲೇ ಇದ್ದರೆ ಅದನ್ನು ನಡೆಸುವ ಬಿಆರ್‌ಎಲ್‌ಟಿಟಿವೈ ಪ್ರೋಗ್ರಾಮ್ ಕನ್ಸೋಲ್ ಹಂತದಿಂದಲೇ ಬೆರಳಿಗೆ ಸಿಗುತ್ತದೆ, ಸೌಂಡ್ ಕಾರ್ಡ್ ಸತ್ತರೂ ಅದಕ್ಕೇನು? ಟರ್ಮಿನಲ್‌ವಾಸಿಯವರ ಆ ರಾತ್ರಿ ನನ್ನದಾಗಿದ್ದರೆ ಹತ್ತು ನಿಮಿಷದ ಕೆಲಸ. ಡೆಬಿಯನ್ ಎಂಬ ಲಿನಕ್ಸ್‌ನ ಇನ್‌ಸ್ಟಾಲರ್ ಬೂಟ್ ಮೆನುವಿನಲ್ಲಿ ಬೀಪ್ ಎನ್ನುತ್ತದೆ, ಎಸ್ ಒತ್ತಿ ಎಂಟರ್ ಹೊಡೆದರೆ ಮಾತಾಡುತ್ತಲೇ ಇನ್‌ಸ್ಟಾಲ್ ಆಗುತ್ತದೆ.

ಟರ್ಮಿನಲ್‌ವಾಸಿ

ಹತ್ತು ನಿಮಿಷ ಅಂತ ಹೇಳಿ ಹೊಟ್ಟೆ ಉರಿಸಬೇಡಿ.

ಕೇಳುಗ

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳಿಬಿಡ್ತೀನಿ. ವಿಂಡೋಸ್ ಲ್ಯಾಪ್‌ಟಾಪೇ ತಗೊಂಡೆ, ಎಕ್ಸೆಲ್‌ಗೋಸ್ಕರ. ಡೆಬಿಯನ್ ಒಂದು ಪೆನ್‌ಡ್ರೈವ್‌ನಲ್ಲಿ ಇದೆ, ಪೈಥಾನ್ ಅದರಲ್ಲಿ.

ತಗೊಳ್ಳೋ ಮೊದಲು ಅಂಗಡಿಯಲ್ಲೇ ಒಂದು ಕೆಲಸ ಮಾಡಿದೆ. ಪೋರ್ಟಬಲ್ ಎನ್‌ವಿಡಿಎ ಹಾಕಿ ಎಷ್ಟು ಚೆನ್ನಾಗಿ ಓದುತ್ತೆ ಅಂತ ನೋಡೋಕೆ ಹೋಗಲಿಲ್ಲ, ಬೇಕಂತಲೇ ಕೊಂದೆ. ವಿಂಡೋಸ್-ಕಂಟ್ರೋಲ್-ಎಂಟರ್ ಒತ್ತಿದೆ, ನರೇಟರ್ ಎದ್ದಿತು. ಆಮೇಲೆ ಹೆಡ್‌ಫೋನ್ ಚುಚ್ಚಿದೆ, ಕಿತ್ತೆ, ಮಾತು ಸ್ಪೀಕರ್‌ಗೆ ವಾಪಸ್ ಬರುತ್ತಾ ಅಂತ ಕೇಳಿದೆ. ವಾಲ್ಯೂಮ್ ಕೀಲಿ ಎಫ್ಎನ್ ಜೊತೆ ಒತ್ತಬೇಕಾ, ಒಂಟಿಯಾಗಿ ಸಾಕಾ ನೋಡಿದೆ. ಮಾರೋ ಹುಡುಗ "ಸರ್, ಯಾಕೆ ಪದೇ ಪದೇ ಆಫ್ ಮಾಡ್ತೀರಾ?" ಅಂತ ಕೇಳಿದ. ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, "ಹಾಗಾದ್ರೆ ಪಕ್ಕದ ಮಾಡೆಲ್ ಬೇಡ ಸರ್, ಅದರಲ್ಲಿ ಪವರ್ ಬಟನ್ ಡಿಲೀಟ್ ಪಕ್ಕದಲ್ಲೇ ಇದೆ" ಅಂದ. ಕೈಯಾಡಿಸಿ ನೋಡಿದೆ, ಹೌದು, ಎರಡಕ್ಕೂ ನಡುವೆ ಒಂದು ಗೆರೆಯಷ್ಟೂ ಅಂತರವಿಲ್ಲ.

ಬಯಾಸ್‌ನಲ್ಲಿ ಪೆನ್‌ಡ್ರೈವ್‌ನಿಂದ ಬೂಟ್ ಆಗೋ ಸೆಟ್ಟಿಂಗ್‌ಗೆ ವಿಡಿಯೊ ಕಾಲ್‌ನಲ್ಲಿ ಮ್ಯಾಕ್ ಗೆಳೆಯನನ್ನೇ ಹಿಡಿದೆ. ಅವನು ಓದ್ತಾ ಹೋದ, ನಾನು ಬಾಣದ ಕೀಲಿ ಎಷ್ಟು ಸಲ ಒತ್ತಿದೆ ಅಂತ ಬರ್ಕೊಳ್ತಾ ಹೋದೆ. ಕೆಳಗೆ ನಾಲ್ಕು, ಎಂಟರ್, ಕೆಳಗೆ ಎರಡು, ಎಂಟರ್, ಎಫ್10. ಮುಂದಿನ ಸಲ ಅವನನ್ನ ಕರೀಬೇಕಿಲ್ಲ.

ಟರ್ಮಿನಲ್‌ವಾಸಿ

ಎಫ್10 ಆದ್ಮೇಲೆ ಇನ್ನೊಂದು ಎಂಟರ್ ಕೇಳುತ್ತೆ ಕೆಲವು ಕಡೆ, ಉಳಿಸಲಾ ಅಂತ. ನೋಡ್ಕೊಳ್ಳಿ. ಸೌಂಡ್ ಕಾರ್ಡ್?

ಕೇಳುಗ

ಬ್ಯಾಗಿನಲ್ಲಿದೆ. ಎಂಟರ್ ಸೇರಿಸ್ಕೊಂಡೆ.